ರುಚಿಗೆ ತಕ್ಕಷ್ಟು ಅಂದರೆ ಎಷ್ಟು?

ಪತ್ರ: ಶಿರಸಿ ಹತ್ತಿರದ ಹಳ್ಳಿಯ ಸೊಸೆಯೊಬ್ಬರು ಬರೆಯುತ್ತಾರೆ: "ನಮ್ಮ ತೋಟದ ಮನೆಯ ಅಡುಗೆ, ದಿನಚರಿ ಬರೆದು ನಾಲ್ಕು ಜನಕ್ಕೆ ಹಂಚಬೇಕೆಂಬ ಆಸೆ. ಅಳತೆ ಕೇಳಿದರೆ ಅತ್ತೆ 'ಅಡುಗೆ ಕೈಯಲ್ಲಿರ್ತು, ಕಾಗದದಲ್ಲಲ್ಲ' ಅನ್ನುತ್ತಾರೆ. ಅಳತೆ ಬಿಟ್ಟೇ ಬರೆಯಲೇ?"

ಉತ್ತರ: ಬಿಡಬೇಡಿ. ಅತ್ತೆಯವರ ಮಾತು ಸುಳ್ಳಲ್ಲ. ತಂಬುಳಿಗೆ ಮಜ್ಜಿಗೆಯ ಹುಳಿ ನೋಡಿಯೇ ಉಪ್ಪು ಹಾಕಬೇಕು. ಆದರೆ ವರ್ಷವಿಡೀ ಇಡಬೇಕಾದ ಅಪ್ಪೆಮಿಡಿಗೆ, ಅಂದರೆ ಪರಿಮಳದ ಎಳೆ ಮಾವಿನಮಿಡಿಯ ಉಪ್ಪಿನಕಾಯಿಗೆ, "ರುಚಿಗೆ ತಕ್ಕಷ್ಟು ಉಪ್ಪು" ಎಂದು ಬರೆದರೆ, ಅದನ್ನು ನಂಬಿದವರ ಭರಣಿ ಮಳೆಗಾಲಕ್ಕೆ ಮುಂಚೆಯೇ ಬೂಷ್ಟು ಹಿಡಿಯುತ್ತದೆ. ಅಲ್ಲಿ ಉಪ್ಪು ರುಚಿಗಷ್ಟೇ ಅಲ್ಲ, ಮಿಡಿಯ ನೀರನ್ನು ಹೊರಗೆಳೆದು ಕೆಡದಂತೆ ಕಾಯುವುದಕ್ಕೆ. 4 ಕಿಲೋ ಮಿಡಿಗೆ 1 ಕಿಲೋ ಹರಳುಪ್ಪು: ಇದನ್ನು ಬರೆಯಲು ನಾಚಿಕೆಯೇಕೆ?

ಅಳತೆ ಹಿಡಿಯಲು ಅತ್ತೆಯವರನ್ನು ಕಾಡಬೇಕಾಗಿಲ್ಲ. ಉಪ್ಪಿನ ಡಬ್ಬಿಯನ್ನು ಮೊದಲೇ ತೂಗಿಡಿ, ಅವರು ಕೈಯಾರೆ ಹಾಕಲಿ, ಮುಗಿದ ಮೇಲೆ ಡಬ್ಬಿಯನ್ನು ಮತ್ತೆ ತೂಗಿ. ಕಡಿಮೆಯಾದಷ್ಟೂ ಅವರ ಕೈಯ ಅಳತೆ. ಮೂರು ಸಲ ಹೀಗೆ ಮಾಡಿದರೆ ಆ ಕೈ ಎಷ್ಟು ಕರಾರುವಾಕ್ಕು ಎಂಬುದು ನಿಮಗೇ ತಿಳಿಯುತ್ತದೆ.

ಅಳತೆಯಷ್ಟೇ ಸಾಲದು, ಕೆಡುವುದು ಎಲ್ಲಿ ಎಂಬುದನ್ನೂ ಬರೆಯಿರಿ. ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಮರ ಅಲುಗಿಸಿ ಉದುರಿಸಿದ ಮಿಡಿ ಬೇಡ. ಪೆಟ್ಟು ಬಿದ್ದಲ್ಲಿ ಮೆತ್ತಗಾಗಿ ಅಕ್ಕಪಕ್ಕದ್ದನ್ನೂ ಕೆಡಿಸುತ್ತದೆ. ತೊಟ್ಟು ಅರ್ಧ ಇಂಚು ಇರಲಿ. ಬುಡಕ್ಕೇ ಮುರಿದರೆ ಸೊನೆ ಸೋರಿ ಪರಿಮಳವೂ ಹೋಯಿತು. ತೊಳೆದು, ಒರೆಸಿ, ನೆರಳಲ್ಲಿ ನೀರಿನ ಪಸೆ ಪೂರ್ತಿ ಆರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಕ್ಕೊಮ್ಮೆ ಕುಲುಕಬೇಕು. ತೇಲಿದ ಮಿಡಿಗೇ ಮೊದಲು ಬೂಷ್ಟು ಬರುವುದು, ಆದ್ದರಿಂದ ಮೇಲೊಂದು ಒಣಗಿದ ಪಿಂಗಾಣಿ ತಟ್ಟೆ ಹೇರಿ. ಹತ್ತು ಹದಿನೈದು ದಿನಕ್ಕೆ ಮಿಡಿ ಚಿರುಟುತ್ತದೆ. ಆಗ ಉಪ್ಪುನೀರು ಬಸಿದು, ಕುದಿಸಿ, ಪೂರ್ತಿ ತಣಿಸಿ. ಬಿಸಿಯಲ್ಲೇ ಹೊಯ್ದರೆ ಮಿಡಿ ಬೆಂದು, ಕಚ್ಚಿದಾಗ ಸದ್ದೇ ಬರುವುದಿಲ್ಲ. ಅರ್ಧ ಕಿಲೋ ಬ್ಯಾಡಗಿ ಮೆಣಸು, ಕಾಲು ಕಿಲೋ ಸಾಸಿವೆ, ಒಂದು ಹಿಡಿ ಅರಿಶಿನದ ಪುಡಿಯನ್ನು ಆ ನೀರಲ್ಲೇ ಕಲಸಿ. ಬಾವಿನೀರು ತಾಗಿಸಿದರೆ ಅಷ್ಟು ದಿನದ ಕೆಲಸ ಹಾಳು.

ಅಡುಗೆ ಬರೆದಿಡುವುದು ನಮ್ಮ ಪದ್ಧತಿಯಲ್ಲ ಎನ್ನುವವರಿಗೆ ಒಂದು ಮಾತು. ಎರಡನೆಯ ಚಾವುಂಡರಾಯ 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಬಾವಿಗೆ ನೀರು ನೋಡುವ ಬಗೆ, ಗಿಡಮರಗಳ ಆರೈಕೆ, ದನಕರುಗಳ ಮದ್ದು ಇವೆಲ್ಲದರ ಜೊತೆಗೇ ಅಡುಗೆಯೂ ಇದೆ. ಕೃಷಿ ಬೇರೆ, ಒಲೆ ಬೇರೆ ಎಂದು ಆತ ಎಣಿಸಲಿಲ್ಲ. ಎಣಿಸಿದ್ದು ನಾವು. ಅಡಿಕೆಯ ಧಾರಣೆ, ಕೊಳೆರೋಗಕ್ಕೆ ಬೋರ್ಡೋ ಮಿಶ್ರಣದ ತೂಕ ಎಲ್ಲ ಅಚ್ಚಾಗುತ್ತದೆ. ಕೊಯ್ಲಿನ ದಿನ ಇಪ್ಪತ್ತು ಆಳಿಗೆ ಎಷ್ಟು ಸೇರು ಅಕ್ಕಿ ಬೇಯುತ್ತದೆ, ರಾತ್ರಿ ಮೆಟ್ಟುಗತ್ತಿಯ ಮೇಲೆ ಅಡಿಕೆ ಸುಲಿದವಳು ಬೆಳಿಗ್ಗೆ ಎಷ್ಟು ಹೊತ್ತಿಗೆ ದೋಸೆ ಕಾವಲಿ ಇಡುತ್ತಾಳೆ ಎಂಬುದು ಎಲ್ಲೂ ಅಚ್ಚಾಗುವುದಿಲ್ಲ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ಸಂತೋಷ. ಅದರ ಗುಣವನ್ನು ಯಾರೋ ಕೂತು ಬರೆದರು, ಸಿಕ್ಕಿತು. ಒಲೆಯ ಮುಂದಿನ ತಿಳಿವಳಿಕೆಗೆ ಹಾಗೆ ಕೂತು ಬರೆಯುವವರು ಯಾರು?

ಮರಗಳ ಸಂಕಟವೂ ಇದಕ್ಕೇ ಅಂಟಿಕೊಂಡಿದೆ. ಅಘನಾಶಿನಿಯಂಥ ಹೊಳೆಗಳ ದಡದ ಅಪ್ಪೆಮರ ಹತ್ತಿ, ಗೊಂಚಲು ಕೊಯ್ದು, ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸುವುದು ನಿಧಾನದ ಕೆಲಸ. ಅವಸರದವರು ಕೊಂಬೆಯನ್ನೇ ಕಡಿಯುತ್ತಾರೆ, ಆ ಕೊಂಬೆ ಮುಂದೆಂದೂ ಫಲ ಕೊಡುವುದಿಲ್ಲ. ಪಾಕವಿಧಾನವನ್ನು ಅಂಗಡಿಯಲ್ಲಿ ತಂದ ಮಿಡಿಯಿಂದ ಶುರು ಮಾಡಿದರೆ ಈ ಮಾತು ಬರುವುದಾದರೂ ಎಲ್ಲಿ?

ನಿಮ್ಮ ಮೊದಲ ಬರಹ ಅಪ್ಪೆಮಿಡಿಯದ್ದೇ ಇರಲಿ. ಮರ ಯಾವ ದಡದ್ದು, ಹತ್ತಿದವರು ಯಾರು, ತೂಕವೆಷ್ಟು, ಯಾವ ಭರಣಿ ಯಾಕೆ ಕೆಟ್ಟಿತು, ಎಲ್ಲ ಬರೆಯಿರಿ. ಪುಟ ಹೆಚ್ಚಾದರೂ ಕತ್ತರಿಸುವುದಿಲ್ಲ. ಲೇಖಕರ ಹೆಸರಿನ ಜಾಗದಲ್ಲಿ ಅತ್ತೆಯವರದ್ದು ಮೊದಲು, ನಿಮ್ಮದು ಆಮೇಲೆ.