ಮಗಳು ಹಳದಿ ಪಾರ್ಟಿ ಸೇರಿದ್ದಕ್ಕೆ ಮ್ಯಾನೇಜ್‌ಮೆಂಟ್ ಕಾರಣ ಅಲ್ಲ

ಈ ಅಂಕಣಕ್ಕೆ ಬಂದ ನಾಲ್ಕು ಹಾಳೆಯ ಪತ್ರ. ಪೂರ್ತಿ ಹಾಕಿದರೆ ಉತ್ತರಕ್ಕೆ ಜಾಗ ಉಳಿಯುವುದಿಲ್ಲ. ಆದರೆ ಅದರಲ್ಲಿ ಒಂದು ವಾಕ್ಯ ಇದೆ. ಅದನ್ನು ಓದಿದ ಮೇಲೆ ಈ ವಾರಕ್ಕೆ ಎತ್ತಿಟ್ಟಿದ್ದ ಆಸ್ತಿ ಜಗಳದ ಪತ್ರವನ್ನು ಪಕ್ಕಕ್ಕೆ ಸರಿಸಿ ಇದನ್ನೇ ತೆಗೆದುಕೊಂಡೆ. ಆ ಅಣ್ಣ ತಮ್ಮಂದಿರು ಒಂದು ವಾರ ಕಾಯಲಿ, ಆಸ್ತಿ ಎಲ್ಲಿಗೂ ಓಡಿಹೋಗುವುದಿಲ್ಲ.

ವಿಷಯ ಇಷ್ಟು. ಬರೆದವರು ಬೆಂಗಳೂರಿನವರು, ವಯಸ್ಸು 38, ಬ್ಯಾಂಕ್ ಕೆಲಸ. 2013ರಲ್ಲಿ ಬೆಂಗಳೂರು ಎಫ್‌ಸಿ ಅನ್ನುವ ಫುಟ್‌ಬಾಲ್ ಕ್ಲಬ್ ಶುರುವಾದಾಗಿನಿಂದ ಅದರ ಅಭಿಮಾನಿ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡುತ್ತಿದ್ದ ಕಾಲದಿಂದ ನೋಡಿದ್ದಾರೆ, ಆಮೇಲೆ ಕಂಠೀರವದಲ್ಲಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿದುಕೊಂಡಿದ್ದಾರೆ. ಹೆಂಡತಿ ತ್ರಿಶೂರಿನವರು. ಹಾಗಾಗಿ ಅಲ್ಲಿನ ಕ್ಲಬ್ ಕೇರಳ ಬ್ಲಾಸ್ಟರ್ಸ್ ಕಡೆ. ಒಂಬತ್ತು ವರ್ಷದ ಒಬ್ಬಳು ಮಗಳು. ಈಗ ಇವರಿಗೆ ಕ್ಲಬ್ ನಡೆಸುವವರ ಮೇಲೆ ಕೆಂಡದಂಥ ಕೋಪ. ಒಳ್ಳೆಯ ಆಟಗಾರರನ್ನೆಲ್ಲ ಬಿಟ್ಟುಕೊಡುತ್ತಾರಂತೆ. ಬದಲಿಗೆ ಬರುವವರು ಕೆಲಸಕ್ಕೆ ಬಾರದವರಂತೆ. ಕೇಳಿದರೆ ಉತ್ತರ ಕೊಡುವವರೇ ಇಲ್ಲವಂತೆ. ಸ್ಟೇಡಿಯಂಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಇದೆಲ್ಲದರ ಮೇಲೆ, ಮಗಳು ಹುಟ್ಟುಹಬ್ಬಕ್ಕೆ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿ ಕೇಳಿದ್ದಾಳೆ. ‘ಇಷ್ಟು ವರ್ಷದ ನಿಷ್ಠೆಗೆ ಇದೇನಾ ಬೆಲೆ? ಈ ಕ್ಲಬ್ ಬಿಟ್ಟುಬಿಡಲೇ? ಮಗಳಿಗೆ ಆ ಜೆರ್ಸಿ ಕೊಡಿಸಲೇ ಬೇಡವೇ?’ ಅಂತ ಕೇಳಿದ್ದಾರೆ.

ನಿಮ್ಮ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಕಾಲಿಟ್ಟ ಮೊದಲ ಸೀಸನ್‌ನಲ್ಲೇ, 2013-14ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದ ಕ್ಲಬ್ ಅದು. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಅಷ್ಟು ದೂರ ಹೋಗಿರಲಿಲ್ಲ. 2018ರಲ್ಲಿ ಕಂಠೀರವದಲ್ಲೇ ಚೆನ್ನೈಯಿನ್ ಎದುರು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ಸೋತು ಅಳಿಸಿತು. ಮರುವರ್ಷ ಮುಂಬೈಯಲ್ಲಿ, ಎಕ್ಸ್‌ಟ್ರಾ ಟೈಮ್‌ನಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಗೋವಾವನ್ನು ಸೋಲಿಸಿ ಕಪ್ ತಂದಿತು. ಗೆಲುವನ್ನು ಇಷ್ಟು ಅಭ್ಯಾಸ ಮಾಡಿಸಿದವರು 2023-24ರಲ್ಲಿ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಕುಸಿದರೆ ಯಾರಿಗೆ ಉರಿಯುವುದಿಲ್ಲ?

ಅದರ ಹಿಂದಿನ ಬೇಸಿಗೆ ನಿಮಗೆ ಇನ್ನೂ ನುಂಗಲಾಗಿಲ್ಲ ಅನ್ನುವುದು ಪತ್ರದಲ್ಲೇ ಕಾಣುತ್ತದೆ. 2023ರ ಮಾರ್ಚ್‌ನಲ್ಲಿ ಫೈನಲ್ ಆಡಿ, ಪೆನಾಲ್ಟಿಯಲ್ಲಿ ಕೂದಲೆಳೆಯಿಂದ ಸೋತ ತಂಡ. ಕೆಲವೇ ತಿಂಗಳಲ್ಲಿ ಉದಾಂತ ಸಿಂಗ್ ಮತ್ತು ಸಂದೇಶ್ ಜಿಂಗನ್ ಗೋವಾಕ್ಕೆ, ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ದಾಸ್ ನಿಮ್ಮ ಹೆಂಡತಿಯ ಬ್ಲಾಸ್ಟರ್ಸ್‌ಗೆ. ಆ ಕಡೆಯಿಂದ ಜೆಸೆಲ್ ಕಾರ್ನೇರೋ ಇಲ್ಲಿಗೆ. ಕೋಚ್ ಸೈಮನ್ ಗ್ರೇಸನ್ ಡಿಸೆಂಬರ್ ದಾಟಲಿಲ್ಲ. ಅಷ್ಟಾದರೂ ಕ್ಲಬ್‌ಗೆ ಕೆಳಗಿನ ಲೀಗ್‌ಗೆ ಇಳಿಯುವ ಭಯ ಇರಲಿಲ್ಲ, ಯಾಕಂದರೆ ಐಎಸ್‌ಎಲ್‌ನಲ್ಲಿ ಆಗ ಆ ಪದ್ಧತಿಯೇ ಇರಲಿಲ್ಲ. ಸೋತವರಿಗೆ ಶಿಕ್ಷೆ ಇಲ್ಲದಿದ್ದರೆ ಆ ಶಿಕ್ಷೆಯೆಲ್ಲ ನೋಡುವವರ ಪಾಲಿಗೆ. ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ಆದರೆ ಪತ್ರದ ತುಂಬ ‘ಮಾರಿದರು, ಮಾರಿದರು’ ಅಂತ ಬರೆದಿದ್ದೀರಲ್ಲ, ಅಲ್ಲಿ ನಿಲ್ಲಿ. ಮಾರಬೇಕಾದರೆ ಆಟಗಾರನ ಕರಾರು ಬಾಕಿ ಇರಬೇಕು. ಕೊನೆಯ 6 ತಿಂಗಳು ಬಂತು ಅಂದರೆ ಅವನು ಬೇರೆ ಕ್ಲಬ್ ಜೊತೆ ಒಪ್ಪಂದಕ್ಕೆ ಸಹಿ ಹಾಕಬಹುದು. ಕರಾರು ಮುಗಿದ ದಿನ ಎದ್ದು ಹೋಗಬಹುದು. ಹಳೇ ಕ್ಲಬ್‌ಗೆ ಒಂದು ಪೈಸೆ ಬರುವುದಿಲ್ಲ. ಜೊತೆಗೆ ಆ ಕಾಲಕ್ಕೆ ಒಂದು ತಂಡದ ಸಂಬಳಕ್ಕೆ 16.5 ಕೋಟಿ ರೂಪಾಯಿಯ ಮಿತಿ ಇತ್ತು. ಎಲ್ಲರನ್ನೂ ಕೇಳಿದಷ್ಟು ಕೊಟ್ಟು ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಬ್ಯಾಂಕ್‌ನಲ್ಲಿ ಕೆಲಸ ಮಾಡುವ ನಿಮಗೆ ಈ ಲೆಕ್ಕ ನಾನು ಹೇಳಿಕೊಡಬೇಕೇ?

ಇನ್ನೊಂದು. ಬಿಟ್ಟುಹೋದ ಒಬ್ಬ ಆಟಗಾರನನ್ನು ‘ದುಡ್ಡಿಗೆ ಓಡಿದವನು’ ಅಂತ ಬೈದಿದ್ದೀರಿ. 2025ರ ಆಗಸ್ಟ್ ನೆನಪಿದೆಯಾ? ಭಾರತದ ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದರಲ್ಲಿತ್ತು, ಮುಂದಿನದು ಕುದುರಿರಲಿಲ್ಲ, ಲೀಗ್ ಯಾವಾಗ ಅನ್ನುವುದೇ ಗೊತ್ತಿರಲಿಲ್ಲ. ಆಗ ನಿಮ್ಮ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಬಹುತೇಕರಿಗೆ ಮೂವತ್ತೈದಕ್ಕೆ ಮುಗಿಯುವ ಕೆಲಸ ಇದು. ಮೊಣಕಾಲು ಒಂದು ಸಲ ತಿರುಚಿದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಅಂಥವನು ಎರಡು ವರ್ಷದ ಭದ್ರತೆ ಹುಡುಕಿಕೊಂಡು ಹೋದರೆ ಅದು ದ್ರೋಹವಾ? ನಿಮಗೆ ಕಪ್ ತಂದುಕೊಟ್ಟ ಭೇಕೆಯೇ 2021ರಲ್ಲಿ ಮುಂಬೈ ಸಿಟಿಗೆ ಹೋದರು, ಅಲ್ಲಿ ನಾಯಕನಾಗಿ 2024ರಲ್ಲಿ ಐಎಸ್‌ಎಲ್ ಕಪ್ ಎತ್ತಿದರು, ಅದೇ ವರ್ಷ ಬೆಂಗಳೂರಿಗೆ ವಾಪಸ್ ಬಂದರು. ಅವರು ಹೋದಾಗ ನೀವು ಏನೇನು ಬರೆದಿರಿ ಅಂತ ನಾನು ಕೇಳುವುದಿಲ್ಲ.

ಈಗ ಆ ವಾಕ್ಯಕ್ಕೆ ಬರೋಣ. ಮೂರನೇ ಹಾಳೆಯಲ್ಲಿ, ಬ್ರಾಕೆಟ್ ಒಳಗೆ ನೀವು ಹೀಗೆ ಬರೆದಿದ್ದೀರಿ: ‘ಮಗಳು ಮ್ಯಾಚ್ ನೋಡುವುದು ಅವಳಮ್ಮನ ಜೊತೆ ರೂಮಿನಲ್ಲಿ, ನಾನು ಆ ಹೊತ್ತಿಗೆ ಹಾಲ್‌ನಲ್ಲಿ ಗ್ರೂಪ್‌ನಲ್ಲಿರುತ್ತೇನೆ.’

ಬ್ರಾಕೆಟ್ ಒಳಗೆ, ಸ್ವಾಮಿ! ಉದಾಂತ ಸಿಂಗ್ ಬಗ್ಗೆ ಒಂದು ಇಡೀ ಪುಟ, ಮಗಳಿಗೆ ಬ್ರಾಕೆಟ್.

ಇದೇ ಮಗು ಮೊದಲು ನಿಮ್ಮ ಹೆಗಲ ಮೇಲೆ ಕೂತು ಕಂಠೀರವದಲ್ಲಿ ಚಪ್ಪಾಳೆ ತಟ್ಟುತ್ತಿತ್ತು ಅಂತಲೂ ನೀವೇ ಬರೆದಿದ್ದೀರಿ. ಹಾಗಾದರೆ ಅವಳು ಬೆಂಗಳೂರಿನ ನೀಲಿಯಲ್ಲೇ ಶುರು ಮಾಡಿದವಳು. ಆಮೇಲೆ ಏನಾಯಿತು? ಒಂದು ರೂಮಿನಲ್ಲಿ ಅಮ್ಮ ಕೂಗುತ್ತಾಳೆ, ನಗುತ್ತಾಳೆ, ಸೋತರೆ ಹಣೆ ಚಚ್ಚಿಕೊಂಡು ಬಾಳೆಕಾಯಿ ಚಿಪ್ಸ್ ಮುಂದಿಡುತ್ತಾಳೆ. ಇನ್ನೊಂದು ಕಡೆ ಅಪ್ಪ ಮುಖ ಗಂಟು ಹಾಕಿಕೊಂಡು ಟೈಪ್ ಮಾಡುತ್ತಿರುತ್ತಾನೆ. ಒಂಬತ್ತು ವರ್ಷದವಳು ಎಲ್ಲಿ ಹೋಗಿ ಕೂರಬೇಕು, ನೀವೇ ಹೇಳಿ. ಟ್ರಾನ್ಸ್‌ಫರ್ ಅವಳಿಗೆ ಗೊತ್ತಿಲ್ಲ, ಸಂಬಳದ ಮಿತಿ ಗೊತ್ತಿಲ್ಲ. ನೀಲಿ ಬಣ್ಣ ಅಂದರೆ ಮಾತಾಡಿಸಿದರೆ ರೇಗುವ ಅಪ್ಪ ಅಂತ ಮಾತ್ರ ಗೊತ್ತಾಗಿದೆ.

ನೀವು ಏನು ಕಳೆದುಕೊಂಡಿರಿ ಅಂತ ನಿಮ್ಮ ಪತ್ರದಿಂದಲೇ ತೋರಿಸುತ್ತೇನೆ. 2025ರ ಏಪ್ರಿಲ್, ಗೋವಾದ ಫತೋರ್ಡಾ, ಸೆಮಿಫೈನಲ್‌ನ ಎರಡನೇ ಪಂದ್ಯ. ಬೆಂಗಳೂರಿನಲ್ಲಿ 2-0 ಗೆದ್ದು ಹೋಗಿದ್ದವರು ಅಲ್ಲಿ 2-0 ಹಿಂದೆ ಬಿದ್ದು ಲೆಕ್ಕ ಸಮ ಆಗಿತ್ತು. ಕೊನೆಯ ಇಂಜುರಿ ಟೈಮ್‌ನಲ್ಲಿ 40 ವರ್ಷದ ಸುನಿಲ್ ಛೆಟ್ರಿ ತಲೆಯಿಂದ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಒಯ್ದರು. ಅದೊಂದು ಗೋಲನ್ನು ಮಗಳ ಪಕ್ಕ ಕೂತು ನೋಡಿದ್ದರೆ ಈ ಪತ್ರ ಬರುತ್ತಲೇ ಇರಲಿಲ್ಲ. ನೀವು ಆಗ ಏನು ಮಾಡುತ್ತಿದ್ದಿರಿ? ‘ಇನ್ನೂ ಎಷ್ಟು ವರ್ಷ ಈ ಮುದುಕನನ್ನೇ ನಂಬುತ್ತಾರೆ’ ಅಂತ ಗ್ರೂಪ್‌ಗೆ ಟೈಪ್ ಮಾಡುತ್ತಿದ್ದಿರಿ. ಗೋಲು ಗೊತ್ತಾಗಿದ್ದು ಒಳಗಿನಿಂದ ಮಗಳು ಕೂಗಿದಾಗ. ಇದನ್ನು ತಮಾಷೆಯಾಗಿ ಬರೆದಿದ್ದೀರಿ. ನನಗೆ ನಗು ಬರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಳೇ ಹಠ ಗೊತ್ತು. ಯಾವ ಮನೆ ಜಗಳ ಬಂದರೂ ನಾನು ಮೊದಲು ಕೇಳುವುದು ಹಿಂದೆ ಯಾವ ವಾಟ್ಸ್ಆ್ಯಪ್ ಗ್ರೂಪ್ ಇದೆ ಅಂತ. ಇಲ್ಲೂ ಇದೆ. ಅದರ ಅಡ್ಮಿನ್ ನಿಮ್ಮ ಕಾಲೇಜು ಗೆಳೆಯ, ಈಗ ದುಬೈವಾಸಿ. ರಾತ್ರಿ ಹನ್ನೊಂದೂವರೆಗೆ ‘ಇವನೂ ಹೋಗ್ತಾನಂತೆ, ಪಕ್ಕಾ ಸುದ್ದಿ’ ಅಂತ ಹಾಕಿ ಮಲಗಿಬಿಡುತ್ತಾನೆ. ನೀವು ಒಂದೂವರೆವರೆಗೆ ಅದನ್ನು ಅರೆಯುತ್ತೀರಿ. ಈ ಮನುಷ್ಯ 2019ರ ನಂತರ ಒಂದು ಮ್ಯಾಚ್‌ಗೂ ಬಂದಿಲ್ಲ. ಟಿಕೆಟ್ ತಗೊಂಡಿಲ್ಲ, ಮಳೆಯಲ್ಲಿ ನೆನೆದಿಲ್ಲ, ಮ್ಯಾಚ್ ಮುಗಿದ ಮೇಲೆ ಆಟೋಗೆ ಚೌಕಾಸಿ ಮಾಡಿಲ್ಲ. ಕ್ಲಬ್ ನಡೆಸುವವರಿಗಿಂತ ನಿಮಗೆ ಜಾಸ್ತಿ ಹಾನಿ ಮಾಡಿರುವುದು ಇವನು. ಗೆಳೆಯ ಒಳ್ಳೆಯವನು ಅಂತ ಮತ್ತೆ ಪತ್ರ ಬರೆಯಬೇಡಿ, ನಾನು ನಂಬುವುದಿಲ್ಲ.

ಹೆಂಡತಿ ಬಗ್ಗೆ ನೀವು ಬರೆದಿರುವುದು ಒಂದೇ ದೂರು, ‘ಅವಳೇ ಮಗಳ ತಲೆ ತುಂಬಿಸಿದ್ದು’ ಅಂತ. ಅವರ ಕ್ಲಬ್‌ನ ಕಥೆ ಗೊತ್ತಿದೆಯಾ? 2014, 2016, 2022, ಮೂರು ಫೈನಲ್, ಮೂರರಲ್ಲೂ ಸೋಲು. ಐಎಸ್‌ಎಲ್ ಕಪ್ ಮುಟ್ಟಿಯೇ ಇಲ್ಲ. 2023ರಲ್ಲಿ ಅವರ ಮನೆಮಗನಂತಿದ್ದ ಸಹಲ್ ಅಬ್ದುಲ್ ಸಮದ್‌ನನ್ನು ಮೋಹನ್ ಬಗಾನ್‌ಗೆ ಕೊಟ್ಟು ಅಲ್ಲಿಂದ ಪ್ರೀತಮ್ ಕೋಟಾಲ್‌ನನ್ನು ತಂದರು. ಮರುವರ್ಷ ಜೀಕ್ಸನ್ ಸಿಂಗ್ ಈಸ್ಟ್ ಬೆಂಗಾಲ್‌ಗೆ ಹೋದರು. ನಿಮ್ಮ ದುಃಖವೇ, ಹಳದಿ ಬಣ್ಣದ್ದು! ಅಲ್ಲಿನ ಅಭಿಮಾನಿ ಬಳಗ ಮಂಜಪ್ಪಡ 2024ರ ಡಿಸೆಂಬರ್‌ನಲ್ಲಿ ಮ್ಯಾನೇಜ್‌ಮೆಂಟ್ ವಿರುದ್ಧ ಬಹಿರಂಗವಾಗಿ ಪ್ರತಿಭಟನೆ ಸಾರಿತು, ಟಿಕೆಟ್ ಮಾರಿಕೊಡುವುದಿಲ್ಲ ಎಂದಿತು. ಸಿಟ್ಟು ತಲುಪಬೇಕಾದವರಿಗೇ ತಲುಪಿತು. ಒಂದೇ ಮನೆಯಲ್ಲಿ ಇಷ್ಟು ಅನುಭವ ಇರುವವರನ್ನು ಬಿಟ್ಟು ದುಬೈಗೆ ಯಾಕೆ ದೂರು ಹೇಳುತ್ತೀರಿ? ಸಹಲ್ ಹೋದಾಗ ಹೇಗಾಯಿತು ಅಂತ ಒಂದು ಸಲ ಅವರನ್ನು ಕೇಳಿದ್ದೀರಾ?

2023ರ ಮಾರ್ಚ್ 3ರ ಪ್ಲೇಆಫ್ ವಿಷಯ ಮಾತ್ರ ಎತ್ತಬೇಡಿ. ಬ್ಲಾಸ್ಟರ್ಸ್ ಆಟಗಾರರು ಅಡ್ಡ ನಿಂತು ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದರು, ರೆಫ್ರಿ ಗೋಲು ಕೊಟ್ಟರು, ಅವರ ಕೋಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು, ಆಮೇಲೆ ಅವರಿಗೆ 4 ಕೋಟಿ ದಂಡ ಬಿತ್ತು. ಗೋಲು ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ. ಅದನ್ನು ನಿಮ್ಮ ಅಡುಗೆಮನೆಯಲ್ಲಿ ಸಾಬೀತು ಮಾಡುವ ಅಗತ್ಯ ಇಲ್ಲ. ಅಂದಹಾಗೆ ಅದರ ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ನಿಮ್ಮ ನಾಲ್ಕು ಹಾಳೆಯಲ್ಲಿ ಅದರ ಸುದ್ದಿಯೇ ಇಲ್ಲ. ಊರಿನ ಫುಟ್‌ಬಾಲ್ ಅಂದರೆ ಒಂದು ಕ್ಲಬ್‌ನ ಟ್ರಾನ್ಸ್‌ಫರ್ ಪಟ್ಟಿ ಅಂದುಕೊಂಡಿದ್ದೀರಿ. ಫುಟ್‌ಬಾಲ್ ಹುಚ್ಚಿನ ಆಸ್ಟಿನ್ ಟೌನ್‌ನ ಹಿರಿಯರು ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಕ್ಲಬ್ ಬಿಡಲೇ ಅಂತ ಕೇಳಿದ್ದೀರಿ. ಬಿಡುವವರು ನಾಲ್ಕು ಹಾಳೆ ಬರೆಯುವುದಿಲ್ಲ, ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಕ್ಲಬ್ ಜೆಎಸ್‌ಡಬ್ಲ್ಯೂ ಕಂಪನಿಯವರದು. ಯಾರನ್ನು ತರಬೇಕು, ಯಾರನ್ನು ಬಿಡಬೇಕು ಅನ್ನುವುದಕ್ಕೆ ನಿಮಗೆ ಓಟಿಲ್ಲ. ಅಭಿಮಾನಿಗಳೆಂದರೆ ಬಾಡಿಗೆ ಮನೆಗೆ ಸ್ವಂತ ದುಡ್ಡಿನಲ್ಲಿ ಬಣ್ಣ ಹೊಡೆಸಿಕೊಂಡು ಇರುವವರು. ಪ್ರೀತಿ ನಮ್ಮದು, ಮನೆ ಪತ್ರ ಅವರ ಹೆಸರಲ್ಲಿ. ಬೈಯುವುದಿದ್ದರೆ ಸ್ಟೇಡಿಯಂಗೆ ಹೋಗಿ, ಬ್ಯಾನರ್ ಹಿಡಿದು, ಅವರ ಕಿವಿಗೆ ಬೀಳುವ ಹಾಗೆ ಬೈಯಿರಿ. ಹಾಲ್‌ನಲ್ಲಿ ಕೂತು ಟೈಪ್ ಮಾಡಿದರೆ ಅದು ಕೇಳಿಸುವುದು ಪಕ್ಕದ ರೂಮಿಗೆ ಮಾತ್ರ.

ನಿಮಗೆ ಹತ್ತು ಸಲಹೆ ಕೊಡುವುದಿಲ್ಲ. ಒಂದೇ ಕೆಲಸ. ಹಳದಿ ಜೆರ್ಸಿಯನ್ನು ನೀವೇ ಹೋಗಿ ತನ್ನಿ. ಹೆಂಡತಿ ಕೈಯಲ್ಲಿ ತರಿಸಬೇಡಿ, ಆನ್‌ಲೈನ್‌ನಲ್ಲಿ ಆರ್ಡರ್ ಹಾಕಿ ಕೈ ತೊಳೆದುಕೊಳ್ಳಬೇಡಿ. ಮಗಳನ್ನು ಕರೆದುಕೊಂಡು ಹೋಗಿ, ಅಳತೆ ನೋಡಿ, ನೀವೇ ದುಡ್ಡು ಕೊಡಿ. ಮುಂದಿನ ಮ್ಯಾಚ್ ದಿನ ಅವಳು ಅದನ್ನು ಹಾಕಿಕೊಂಡು ಕೂರಲಿ, ನೀವು ನಿಮ್ಮ ನೀಲಿ ಹಾಕಿಕೊಂಡು ಅದೇ ರೂಮಿನಲ್ಲಿ ಪಕ್ಕ ಕೂರಿ, ಫೋನು ಅಡುಗೆಮನೆಯ ಶೆಲ್ಫ್ ಮೇಲಿರಲಿ. ಅವಳು ನಿಮ್ಮನ್ನು ರೇಗಿಸುತ್ತಾಳೆ. ರೇಗಿಸಿಕೊಳ್ಳಿ. ಬೆನ್ನ ಮೇಲೆ ಹೆಸರು ಹಾಕಿಸುವುದಿದ್ದರೆ ಅವಳ ಹೆಸರನ್ನೇ ಹಾಕಿಸಿ. ಆಟಗಾರನ ಹೆಸರು ಬೇಡ, ಜೂನ್‌ಗೆ ಅವನು ಎಲ್ಲಿರುತ್ತಾನೋ ಯಾರಿಗೆ ಗೊತ್ತು.