ಯಾತಕ್ಕೆ ಅರ್ಹ?

ನಮಸ್ಕಾರ. ನೀವು ಕಳಿಸಿದ ಕತೆ ಓದಿದೆ. ಮಾನ್ವಿ ಕಡೆಯ ರೈತ ಹತ್ತಿ ಹೇರಿಕೊಂಡು ರಾಯಚೂರಿನ ಖರೀದಿ ಕೇಂದ್ರಕ್ಕೆ ಬರುತ್ತಾನೆ. ಅಧಿಕಾರಿ 'ಇದು ಅರ್ಹ ಮಾಲಲ್ಲ' ಎನ್ನುತ್ತಾನೆ. ಆಮೇಲೆ ಕನಿಕರಪಟ್ಟು, ಸ್ವಲ್ಪ ಬೆಲೆ ಮುರಿದು ಕೊಳ್ಳುತ್ತಾನೆ. ಈಗಿರುವಂತೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ತೊಂದರೆ ಇರುವುದು 'ಅರ್ಹ' ಎಂಬ ಮಾತಿನಲ್ಲಿ. ಪುಟಪುಟಕ್ಕೂ ಬರುತ್ತದೆ. ಯಾತಕ್ಕೆ ಅರ್ಹ, ಯಾವ ಅಳತೆಯಲ್ಲಿ ಅರ್ಹ ಅಂತ ಎಲ್ಲೂ ಹೇಳಿಲ್ಲ. ಹತ್ತಿಗೆ ಅಳತೆ ಇದೆ. ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಕೊಳ್ಳುವಾಗ ತೇವಾಂಶ ನೋಡುತ್ತದೆ. ಶೇ 8ರವರೆಗೆ ಪೂರ್ತಿ ಬೆಲೆ. 8ರಿಂದ 12ರವರೆಗೆ ತೇವ ಹೆಚ್ಚಿದಷ್ಟೂ ಬೆಲೆ ಕಡಿತ. 12 ದಾಟಿದರೆ ಕೊಳ್ಳುವುದಿಲ್ಲ. ನಿಮ್ಮ ಕತೆಯಲ್ಲಿ ತೇವ ಅಳೆಯುವ ಮೀಟರ್ 14 ತೋರಿಸುತ್ತದೆ. ಅಲ್ಲಿ ಅಧಿಕಾರಿಯ ಕನಿಕರಕ್ಕೆ ಜಾಗವೇ ಇಲ್ಲ. ಹತ್ತಿ ಮಾರಿ ಗೊತ್ತಿರುವ ಓದುಗರು ಅಲ್ಲಿಗೇ ನಿಮ್ಮನ್ನು ನಂಬುವುದು ಬಿಡುತ್ತಾರೆ.

ನಿಜವಾದ ಕತೆ ಇರುವುದೇ ಆ 14 ಮತ್ತು 12ರ ನಡುವೆ, ಅಲ್ವಾ? ಬೆಳಗಿನ ಇಬ್ಬನಿಯಲ್ಲಿ ಬಿಡಿಸಿದ ಹತ್ತಿ. ಬಾಡಿಗೆ ಗಾಡಿ. ಹರವಿ ಒಣಗಿಸಲು ಜಾಗ ಬೇಕು, ಬಿಸಿಲು ಬೇಕು. ರಾತ್ರಿ ಬಯಲಲ್ಲಿ ಬಿಟ್ಟರೆ ಹತ್ತಿ ಮತ್ತೆ ತೇವ ಹೀರುತ್ತದೆ. ನಿಂತಷ್ಟು ಹೊತ್ತೂ ಬಾಡಿಗೆ ಏರುತ್ತದೆ. ಖಾಸಗಿಯವರಿಗೆ ಕೊಟ್ಟರೆ ಅವರು ಹೇಳಿದ್ದೇ ರೇಟು. ನಿಮ್ಮ ರೈತ ಏನು ಮಾಡುತ್ತಾನೆ? ಅದನ್ನು ಬರೆಯಿರಿ.

ಕೊನೆಯಲ್ಲಿ ಅವನು ಹೆಂಡತಿಗೆ 'ನಾನೇ ಅನರ್ಹ' ಎನ್ನುತ್ತಾನೆ. ಮೀಟರ್ ಅಳೆದದ್ದು ಹತ್ತಿಯನ್ನು. ಹತ್ತಿಗೆ ಅಂದ ಮಾತು ಅವನಿಗೇ ತಗುಲಿದ್ದು ಯಾವಾಗ? ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ ಗಾಡಿ ತಿರುಗಿಸಿದಾಗಲಾ? ಕತೆಯ ಜೀವ ಅಲ್ಲಿದೆ, ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅಲ್ಲದೆ ಅವನು 'ಅನರ್ಹ' ಅನ್ನುವವನಲ್ಲ. ಅದು ಕಚೇರಿಯ ಮಾತು, ಅಧಿಕಾರಿಯ ಬಾಯಲ್ಲಿ ಇರಲಿ. ರೈತ 'ಮಾಲು ಪಾಸಾಗ್ಲಿಲ್ಲ' ಅಂತಾನೆ. ತೀರಾ ನೊಂದರೆ 'ನಾ ಯಾತಕ್ಕೂ ಲಾಯಕ್ಕಿಲ್ಲ' ಅನ್ನಬಹುದು.

ಗಂಡ ಹೆಂಡತಿಯ ಸಂಭಾಷಣೆ ತುಂಬಾ ಚೆನ್ನಾಗಿದೆ, ಮುಟ್ಟಬೇಡಿ. ದಾರಿಯ ವರ್ಣನೆ ಜಾಸ್ತಿಯಾಯಿತು, ಅರ್ಧ ತೆಗೆಯಿರಿ. ಹತ್ತಿ ಸೀಸನ್ನಿನಲ್ಲಿ ಮಾರುಕಟ್ಟೆಗೆ ಹೋಗಿ, ಮೀಟರ್ ಹಿಡಿಯುವಾಗ ಪಕ್ಕದಲ್ಲಿ ನಿಂತು ರೈತನ ಮುಖ ನೋಡಿ. ಆಮೇಲೆ ತಿದ್ದಿ ಕಳಿಸಿ, ನಾನೇ ಓದುತ್ತೇನೆ.