ವಾಡಿಕೆ ಮಳೆ ಅಂದರೂ ಹೊಲ ಒಣಗೋದು ಯಾಕೆ?

ಪ್ರಶ್ನೆ: ಹವಾಮಾನ ಇಲಾಖೆ ‘ವಾಡಿಕೆ ಮಳೆ’ ಎನ್ನುತ್ತದೆ. ಆದರೂ ನಮ್ಮ ಹೊಲ ನಡುವೆಯೇ ಒಣಗುತ್ತದೆ. ಮುನ್ಸೂಚನೆಯನ್ನು ನಂಬುವುದು ಹೇಗೆ?

ಉತ್ತರ: ಆ ಮಾತು ನಿಮ್ಮ ಹೊಲಕ್ಕೆ ಹೇಳಿದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶದ ದೀರ್ಘಾವಧಿ ಸರಾಸರಿ ಮಳೆ 87 ಸೆಂ.ಮೀ. ಇದರ ಶೇ 96ರಿಂದ 104ರಷ್ಟು ಬಿದ್ದರೆ ಅದು ‘ವಾಡಿಕೆ’. ಎಲ್ಲಿ, ಯಾವಾಗ ಬಿತ್ತು ಎಂಬುದು ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ. 2023ನ್ನೇ ನೋಡಿ: ಋತುವಿನ ಒಟ್ಟು ಮಳೆ ಶೇ 94, ಕೊರತೆ ಅಲ್ಪವೇ. ಆದರೆ ಆಗಸ್ಟ್‌ ಒಂದರಲ್ಲೇ ಸುಮಾರು ಶೇ 36 ಕೊರತೆ. 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್‌ ಬಂದಿರಲಿಲ್ಲ. ಕಾಳು ಕಟ್ಟುವ ಪೈರಿಗೆ ಬೇಕಿದ್ದದ್ದು ಆಗಿನ ಮಳೆ!

ಏಪ್ರಿಲ್‌ನ ಮುನ್ಸೂಚನೆ ನೋಡಿ ಬೀಜ ಕೊಳ್ಳಬೇಡಿ. ಮೇ ಕೊನೆಯ ಪರಿಷ್ಕೃತ ಅಂದಾಜಿನಲ್ಲಿ ನಿಮ್ಮ ಭಾಗದ ನಕ್ಷೆ ನೋಡಿ, ಬಿತ್ತನೆಗೆ ಮುನ್ನ ಪ್ರತಿ ಗುರುವಾರದ ವಿಸ್ತೃತ ಅವಧಿ (ಮುಂದಿನ ಕೆಲವು ವಾರಗಳ) ಮುನ್ಸೂಚನೆ ಗಮನಿಸಿ. ಒಂದು ಜೋರು ಮಳೆಗೇ ಬಿತ್ತಿದರೆ ಮೊಳಕೆ ಬಂದ ಮೇಲೆ ಬಿಡುವು ಬಿದ್ದು ಬೀಜವೇ ಹೋಗುತ್ತದೆ. ಒಂದು ಗೇಣು ಆಳಕ್ಕೆ ಅಗೆದು ಮಣ್ಣು ಹಿಡಿಯಿರಿ. ಮುದ್ದೆಯಾದರೆ ಹದವಿದೆ, ಪುಡಿಯಾದರೆ ಕಾಯಿರಿ.

ಪ್ರಶ್ನೆ: ಎಲ್ ನಿನೊ ಎಂದರೆ ಬರಗಾಲ ಖಚಿತವೇ?

ಉತ್ತರ: ಇಲ್ಲ. ಮಧ್ಯ ಪೆಸಿಫಿಕ್‌ ಸಾಗರದ ಮೇಲ್ಮೈ ವಾಡಿಕೆಗಿಂತ 0.5 ಡಿಗ್ರಿ ಸೆಲ್ಸಿಯಸ್‌ ಅಥವಾ ಹೆಚ್ಚು ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಎಲ್ ನಿನೊ. ಅದು ನಮ್ಮ ಮುಂಗಾರನ್ನು ದುರ್ಬಲಗೊಳಿಸುವ ಸಾಧ್ಯತೆ ಹೆಚ್ಚಿಸುತ್ತದೆ, ಅಷ್ಟೆ. 1997ರಲ್ಲಿ ಪ್ರಬಲ ಎಲ್ ನಿನೊ ಇದ್ದೂ ದೇಶಕ್ಕೆ ವಾಡಿಕೆ ಮಳೆಯೇ ಆಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿದ್ದದ್ದು ನೆರವಿಗೆ ಬಂತು.